ಗಾಲಿಯೊಳಗಿನ ಗಾಳಿ



ಒಂದು ಕಾಲಕ್ಕೆ ನಮ್ಮ ಮನೆಗಳ ಅಂಗಳದಲ್ಲಿ ಎತ್ತಿನ ಬಂಡಿಯೊಂದೇ ನಿಂತಿರುತ್ತಿತ್ತು. ಅಚ್ಚಿಗೆ ಎಣ್ಣೆ ಸವರುವುದು, ಗಾಲಿಯ ಕಬ್ಬಿಣದ ಪಟ್ಟಿ ಸಡಿಲಾದರೆ ಕಂಬಾರರ ಕುಲುಮೆಗೆ ಒಯ್ಯುವುದು, ಇವು ಮನೆಯ ಹಿರಿಯರ ನಿತ್ಯದ ಎಚ್ಚರಗಳಾಗಿದ್ದವು. ಇಂದು ಅದೇ ಅಂಗಳದಲ್ಲಿ ಬೈಕು ನಿಂತಿದೆ, ಕಾರು ನಿಂತಿದೆ, ಅನುಕೂಲವಿದ್ದವರಲ್ಲಿ ಟ್ರ್ಯಾಕ್ಟರೂ ನಿಂತಿದೆ. ಮಹಾನವಮಿಗೆ ಅವುಗಳನ್ನು ತೊಳೆದು ಪೂಜಿಸುತ್ತೇವೆ, ಚಕ್ರದ ಕೆಳಗೆ ನಿಂಬೆಹಣ್ಣು ಇರಿಸುತ್ತೇವೆ. ಪೆಟ್ರೋಲು, ಡೀಸೆಲ್ಲು, ಎಂಜಿನ್ ಎಣ್ಣೆ ಇವುಗಳ ಲೆಕ್ಕವನ್ನೂ ಇಡುತ್ತೇವೆ. ಆದರೆ ಆ ಚಕ್ರದ ಒಳಗೆ ತುಂಬಿರುವ, ಕಣ್ಣಿಗೆ ಕಾಣದ, ಕಾಸಿನ ಖರ್ಚೂ ಇಲ್ಲದ ಗಾಳಿಯ ಬಗೆಗೆ ಮಾತ್ರ ನಮ್ಮಲ್ಲಿ ಅಲಕ್ಷ್ಯ ಹೆಚ್ಚು, ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು.

ಕಲಬುರಗಿ ಜಿಲ್ಲೆಯ ಮೂರು ತಾಲೂಕುಗಳಿಂದ ಈ ವಿಷಯವನ್ನೇ ಕುರಿತ ಮೂರು ಪ್ರಶ್ನೆಗಳು ನಮ್ಮ ಮುಂದಿವೆ. ಜೇವರ್ಗಿ ಕಡೆಯ ತಾಯಿಯೊಬ್ಬರ ಮಗ ಬಾಡಿಗೆಗೆ ಕ್ರೂಸರ್ ಗಾಡಿ ಓಡಿಸುತ್ತಾರೆ. ಕುಬಸದ ಕಾರ್ಯ ಮುಗಿಸಿ ಸೊಸೆಯನ್ನು ಬಾಣಂತನಕ್ಕೆ ಅಫಜಲಪುರದ ತವರಿಗೆ ಅದೇ ಗಾಡಿಯಲ್ಲಿ ಕಳುಹಿಸಬೇಕಾಗಿದೆ. ಗರ್ಭಿಣಿಗೆ ಕುಲುಕಾಟವಾಗದಿರಲೆಂದು ಗಾಳಿ ಇಳಿಸುವೆನೆನ್ನುವ ಮಗ, “ಹೆಂಗೂ ಬಿಸಲಾಗ ಗಾಳಿ ಕಮ್ಮಿನೇ ಇರಬೇಕವ್ವ, ಇಲ್ಲಂದ್ರ ಟೈರು ಒಡಿತದ” ಎನ್ನುತ್ತಾನಂತೆ. ಇದು ಸರಿಯೇ ಎಂಬುದು ಆ ತಾಯಿಯ ಪ್ರಶ್ನೆ. ಆಳಂದದಿಂದ ಕಲಬುರಗಿಗೆ ದಿನವೂ ಬೈಕಿನಲ್ಲಿ ಹೋಗಿಬರುವ ಶಿಕ್ಷಕರೊಬ್ಬರು, ಬೆನ್ನುನೋವಿಗಾಗಿ ಎಷ್ಟು ಗಾಳಿ ಕಡಿಮೆ ಮಾಡಬಹುದು ಎಂದು ಕೇಳಿದ್ದಾರೆ. ಅಫಜಲಪುರ ತಾಲೂಕಿನ ಕಬ್ಬು ಬೆಳೆಗಾರರೊಬ್ಬರು, ಹೊಲಕ್ಕೂ ರಸ್ತೆಗೂ ಟ್ರ್ಯಾಕ್ಟರಿನ ಗಾಳಿ ಒಂದೇ ಇರಬೇಕೇ ಎಂದು ವಿಚಾರಿಸಿದ್ದಾರೆ. ಮೂರೂ ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಮೂಲ ಒಂದೇ ಆಗಿರುವುದರಿಂದ ಈ ತಿಂಗಳ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಭಾರ ಹೊರುವುದು ರಬ್ಬರಲ್ಲ, ಗಾಳಿ

ಗಾಳಿ ತುಂಬಿದ ಗಾಲಿಯ ಕಲ್ಪನೆಗೆ ಮೊದಲು ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. ಅದು 1845ರ ಮಾತು. ಅದು ಬಳಕೆಗೆ ಬಾರದೆ ಮರೆಯಾಯಿತು. ಅದನ್ನು ಮತ್ತೆ ಕಂಡುಹಿಡಿದು ಜಗತ್ತಿಗೆ ಕೊಟ್ಟವರು ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್ಲಪ್. ತಮ್ಮ ಚಿಕ್ಕ ಮಗನ ಮೂರು ಗಾಲಿಯ ಸೈಕಲ್ಲು ಕುಲುಕದಂತೆ ಮಾಡಲು ಹೊರಟ ಅವರು 1888ರಲ್ಲಿ ಪೇಟೆಂಟ್ ಪಡೆದರು. ಹೀಗೆ ಟೈರು ಹುಟ್ಟಿದ್ದೇ ಒಬ್ಬ ತಂದೆ ಮಗನ ಸುಖವನ್ನು ಬಯಸಿದ್ದರಿಂದ. ಆದರೆ ಸುಖದ ಜೊತೆಗೆ ಸುರಕ್ಷತೆಯೂ ಅದೇ ಗಾಳಿಯನ್ನು ಅವಲಂಬಿಸಿದೆ ಎಂಬುದನ್ನು ವಾಹನಗಳ ವೇಗ ಹೆಚ್ಚಿದಂತೆ ಜಗತ್ತು ಕಲಿಯಬೇಕಾಯಿತು.

ವಾಹನದ ಭಾರವನ್ನು ರಬ್ಬರು ಹೊರುತ್ತದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ರಬ್ಬರು ಬರಿಯ ಚೀಲ. ಭಾರ ಹೊರುವುದು ಅದರೊಳಗೆ ಒತ್ತಿ ತುಂಬಿದ ಗಾಳಿ. ಪಂಪಿನಲ್ಲಿ “30 ಹಾಕಲಾ, 35 ಹಾಕಲಾ” ಎಂದು ಕೇಳುತ್ತಾರಲ್ಲ, ಆ ಸಂಖ್ಯೆಯ ಅರ್ಥ ಒಂದು ಚದರ ಅಂಗುಲಕ್ಕೆ ಅಷ್ಟು ಪೌಂಡಿನ ಒತ್ತಡ ಎಂಬುದು. 30 ಪೌಂಡು ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ. ಸಣ್ಣ ಕಾರಿನ ಒಂದು ಗಾಲಿಯ ಮೇಲೆ 300 ಕಿಲೋ ಭಾರ ಬಿದ್ದಿದೆ ಎನ್ನೋಣ. ಅದನ್ನು 2.1ರಿಂದ ಭಾಗಿಸಿದರೆ ಸುಮಾರು 143 ಚದರ ಸೆಂಟಿಮೀಟರು, ಅಂದರೆ ಒಂದು ಅಂಗೈಯಷ್ಟು ಜಾಗ. ಇಡೀ ಕಾರು ನೆಲವನ್ನು ಹಿಡಿದುಕೊಂಡಿರುವುದು ಇಂಥ ನಾಲ್ಕು ಅಂಗೈಗಳಿಂದ ಮಾತ್ರ! ಬ್ರೇಕು ಹಾಕುವಾಗ, ತಿರುವಿನಲ್ಲಿ ಹೊರಳುವಾಗ, ಎದುರಿನ ಲಾರಿಗೆ ದಾರಿ ಬಿಟ್ಟು ಮಣ್ಣಿಗಿಳಿದು ಮತ್ತೆ ಮೇಲೇರುವಾಗ ಸಂಸಾರದ ಜೀವವೆಲ್ಲ ಆ ನಾಲ್ಕು ಅಂಗೈಗಳ ಹಿಡಿತದಲ್ಲಿರುತ್ತದೆ.

ಗಾಳಿ ಹೆಚ್ಚಾದರೆ ಅಂಗೈ ಕಿರಿದಾಗುತ್ತದೆ. ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ ಅಲ್ಲಿಯೇ ಸವೆಯುತ್ತದೆ. ಸಣ್ಣ ಕಲ್ಲಿಗೂ ಗಾಡಿ ಪುಟಿಯುತ್ತದೆ. ಮಳೆಯ ರಸ್ತೆಯಲ್ಲಿಯೂ ಜಲ್ಲಿಯ ಮೇಲೂ ಹಿಡಿತ ತಪ್ಪುತ್ತದೆ. ಗಾಳಿ ಕಡಿಮೆಯಾದರೆ ಟೈರಿನ ಎರಡೂ ಅಂಚುಗಳು ಸವೆಯುತ್ತವೆ, ಸ್ಟಿಯರಿಂಗ್ ಭಾರವಾಗುತ್ತದೆ, ತಿರುವಿನಲ್ಲಿ ಗಾಡಿ ತಡವಾಗಿ ಹೊರಳಿ, ಹೊರಳಿದ ಮೇಲೆ ತೂಗಾಡುತ್ತದೆ, ಇಂಧನವೂ ಹೆಚ್ಚು ಬೇಕಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಟೈರು ಒಳಗೊಳಗೇ ಕಾಯುತ್ತದೆ. ಈ ಕಾವೇ ನಮ್ಮ ಬಿಸಿಲು ನಾಡಿನ ಮುಖ್ಯ ಸಂಗತಿ.

ಬಿಸಿಲಿಗೆ ಗಾಳಿ ಇಳಿಸುವುದು ತಕ್ಕದ್ದೇ?

ಜೇವರ್ಗಿಯ ತಾಯಿಯ ಮಗನಂತೆ ಯೋಚಿಸುವವರು ನಮ್ಮ ಕಡೆ ಬಹಳ ಜನ. ಬಿಸಿಗೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ಟೈರು ಒಡೆಯುತ್ತದೆ, ಆದ್ದರಿಂದ ಮೊದಲೇ ಇಳಿಸಿಡಬೇಕು ಎಂಬುದು ಅವರ ತರ್ಕ. ಇದರ ಮೊದಲ ಮಾತು ನಿಜ. ಬೆಳಗಿನ 25 ಡಿಗ್ರಿ ತಂಪಿನಲ್ಲಿ 35 ಪೌಂಡು ಹಾಕಿದ ಟೈರು ಮಧ್ಯಾಹ್ನದ 45 ಡಿಗ್ರಿಯಲ್ಲಿ ಸುಮಾರು 38 ತೋರಿಸುತ್ತದೆ. ಓಡುತ್ತಿರುವಾಗ ಇನ್ನೂ ಮೂರು ನಾಲ್ಕು ಪೌಂಡು ಏರಬಹುದು. ಆದರೆ ಟೈರು ತಯಾರಿಸುವವರು ಈ ಏರಿಕೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಗಟ್ಟಿಯಾಗಿರುವ ಟೈರು ಇದರ ಹಲವು ಪಟ್ಟು ಒತ್ತಡವನ್ನು ತಾಳಬಲ್ಲದು. ಆರೇಳು ಪೌಂಡಿನ ಏರಿಕೆಗೆ ಒಳ್ಳೆಯ ಟೈರು ಒಡೆಯುವುದಿಲ್ಲ.

ಹಾಗಾದರೆ ಬೇಸಗೆಯಲ್ಲಿ ಟೈರುಗಳು ಒಡೆಯುವುದೇಕೆ? ಹೊಲದ ಬೇಲಿ ಕಟ್ಟುವ ಸಣ್ಣ ತಂತಿಯನ್ನು ಕತ್ತರಿಯಿಲ್ಲದಾಗ ನಾವು ಹೇಗೆ ತುಂಡರಿಸುತ್ತೇವೆ? ಅದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತೇವೆ. ಹತ್ತು ಸಲ ಬಗ್ಗಿಸಿ ಮುಟ್ಟಿ ನೋಡಿದರೆ ಬೆರಳು ಸುಡುತ್ತದೆ. ಇನ್ನೂ ಬಗ್ಗಿಸಿದರೆ ಮುರಿಯುತ್ತದೆ. ಗಾಳಿ ಕಡಿಮೆಯಿರುವ ಟೈರಿನ ಪಕ್ಕೆಗೂ ಇದೇ ಗತಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ, ಎರಡು ಮೀಟರು ಸುತ್ತಳತೆಯ ಟೈರು ನಿಮಿಷಕ್ಕೆ 500 ಸಲ ಸುತ್ತುತ್ತದೆ. ಅಂದರೆ ಅದರ ಪ್ರತಿಯೊಂದು ಭಾಗವೂ ನಿಮಿಷಕ್ಕೆ 500 ಸಲ ಬಗ್ಗಿ ನೇರವಾಗುತ್ತದೆ. ಗಾಳಿ ಸರಿಯಿದ್ದರೆ ಬಗ್ಗುವಿಕೆ ಸ್ವಲ್ಪ, ಕಡಿಮೆಯಿದ್ದರೆ ಬಹಳ. ಈ ಕಾವಿಗೆ ರಬ್ಬರಿಗೂ ಒಳಗಿನ ನೂಲು, ತಂತಿಗಳಿಗೂ ಇರುವ ಬೆಸುಗೆ ಸಡಿಲಾಗುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಡಾಂಬರು ಸೇರಿದರೆ ಆ ಕಾವು ಹೊರಹೋಗಲು ದಾರಿಯೇ ಇರುವುದಿಲ್ಲ. ಹೀಗೆ ಬೆಂದ ಟೈರು ಒಂದು ದಿನ, ಪೂರ್ತಿ ಜನ ತುಂಬಿದ ಗಾಡಿಯಲ್ಲಿ, ಒಮ್ಮೆಲೇ ಸಿಡಿಯುತ್ತದೆ. ನೋಡಿದವರು ಗಾಳಿ ಹೆಚ್ಚಾಗಿ ಒಡೆಯಿತೆನ್ನುತ್ತಾರೆ. ಕಾರಣ ಬಹುಪಾಲು ಅದಕ್ಕೆ ವಿರುದ್ಧವಾದುದು.

ಇನ್ನೊಂದು ಸೂಕ್ಷ್ಮವಿದೆ. ನಡುಮಧ್ಯಾಹ್ನ ಕಾದ ಟೈರಿನ ಗಾಳಿಯನ್ನು 35ಕ್ಕೆ ಇಳಿಸಿದರೆ ಮರುದಿನ ತಂಪು ಹೊತ್ತಿನಲ್ಲಿ ಅದು 32ರ ಆಸುಪಾಸಿಗೆ ಬಂದಿರುತ್ತದೆ. ಓಡಿ ಬಂದ ಕಾವೂ ಸೇರಿದ್ದರೆ ಅದಕ್ಕಿಂತಲೂ ಕೆಳಗೆ. ಹೀಗೆ ಎರಡು ಸಲ ಇಳಿಸಿದರೆ ಟೈರು ಅಪಾಯದ ಅಂಚಿಗೆ ಬಂದಂತೆಯೇ. ಆದ್ದರಿಂದ ಕಾದ ಟೈರಿನಿಂದ ಗಾಳಿ ಬಿಡಲೇಬಾರದೆಂಬುದು ಮೊದಲ ನಿಯಮ.

ಸುಖಕ್ಕಾಗಿಯೋ ಸಮತೋಲಕ್ಕಾಗಿಯೋ ಗಾಳಿ ಕಡಿಮೆ ಇಡುವುದು ಎಂಥ ಚರ್ಚೆಗೆ ಎಡೆಮಾಡಿತೆಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಪ್ರಸಿದ್ಧವಾಗಿದೆ. 2000ದ ಆಗಸ್ಟ್ ತಿಂಗಳಲ್ಲಿ ಫೈರ್‌ಸ್ಟೋನ್ ಕಂಪನಿಯು ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಎಂಬ ಎತ್ತರದ ಗಾಡಿಗಳಲ್ಲಿದ್ದವು. ಟೈರಿನ ಮೇಲ್ಪದರ ಕಿತ್ತುಬಂದು ಗಾಡಿಗಳು ಉರುಳಿ 200ಕ್ಕೂ ಹೆಚ್ಚು ಜನ ಸತ್ತರು. ಇಂಥ ಅಪಘಾತಗಳು ಸೆಕೆ ಹೆಚ್ಚಿರುವ ದಕ್ಷಿಣದ ರಾಜ್ಯಗಳಲ್ಲಿಯೇ ಅಧಿಕವಾಗಿದ್ದವು. ಟೈರಿನ ತಯಾರಿಕೆಯಲ್ಲಿ ದೋಷವಿದ್ದುದು ತನಿಖೆಯಿಂದ ಹೊರಬಂದಿತು. ಆದರೆ ಆ ಗಾಡಿಗೆ ಫೋರ್ಡ್ ಹೇಳಿದ್ದ ಗಾಳಿ 26 ಪೌಂಡು, ಫೈರ್‌ಸ್ಟೋನ್ ಬಯಸಿದ್ದು 30 ಪೌಂಡು ಎಂಬ ಸಂಗತಿಯೂ ದೊಡ್ಡ ವಿವಾದವಾಯಿತು. ನಾಲ್ಕೇ ಪೌಂಡಿನ ವ್ಯತ್ಯಾಸ! ಆ ದುರಂತದ ಬಳಿಕ ಬಂದ ಕಾನೂನಿನ ಫಲವಾಗಿ, ಗಾಳಿ ಕಡಿಮೆಯಾದರೆ ಎಚ್ಚರಿಸುವ ದೀಪ ಅಲ್ಲಿಯ ಹೊಸ ಕಾರುಗಳಲ್ಲಿ ಕಡ್ಡಾಯವಾಯಿತು. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿಯೂ, 2022ರ ಡಿಸೆಂಬರಿನಲ್ಲಿ ಮೊದಲ ಹಂತ ತೆರೆದ ಸಮೃದ್ಧಿ ಮಹಾಮಾರ್ಗದಲ್ಲಿ ಟೈರು ಸಿಡಿದು ಅಪಘಾತಗಳಾದ ಮೇಲೆ ಸಾರಿಗೆ ಅಧಿಕಾರಿಗಳು ಗಾಡಿಗಳ ಟೈರು ಪರೀಕ್ಷಿಸತೊಡಗಿದರು.

ಗರ್ಭಿಣಿಯ ಪ್ರಯಾಣ

ಆದರೂ ಆ ಮಗನ ಕಾಳಜಿ ಸುಳ್ಳಲ್ಲ. ಹೆಂಡತಿಗೆ ಕುಲುಕಾಟವಾಗಬಾರದೆಂದು ಬಯಸುವುದು ಒಳ್ಳೆಯ ಗಂಡನ ಲಕ್ಷಣ. ಅದಕ್ಕೆ ಹಿಡಿದ ದಾರಿ ಮಾತ್ರ ಬೇರೆಯಾಗಬೇಕು. ಐದು ಪೌಂಡು ಇಳಿಸುವುದರಿಂದ ಸಿಗುವ ಮೆತ್ತನೆ ಅತ್ಯಲ್ಪ. ಕಳೆದುಕೊಳ್ಳುವ ಹಿಡಿತ ಬಹಳ. ಗಾಡಿಯ ಮೆತ್ತನೆಗೆ ನಿಜವಾದ ಆಧಾರಗಳು ಮೂರು: ಪಾಟಾ ಹಾಗೂ ಶಾಕ್ ಅಬ್ಸಾರ್ಬರುಗಳ ಸುಸ್ಥಿತಿ, ಕುಳಿತುಕೊಳ್ಳುವ ಜಾಗ, ಓಡಿಸುವ ವೇಗ.

ಹಿಂದಿನ ಗಾಲಿಯ ಮೇಲೂ ಅದರ ಹಿಂದೆಯೂ ಇರುವ ಆಸನಗಳೇ ಹೆಚ್ಚು ಎತ್ತಿಹಾಕುವುವು. ಆದ್ದರಿಂದ ಗರ್ಭಿಣಿಯನ್ನು ಎರಡು ಗಾಲಿಗಳ ನಡುವಿನ ಸಾಲಿನಲ್ಲಿ, ಮುಂದೆ ಮುಖಮಾಡಿ ಕೂರಿಸಬೇಕು. ಅಡ್ಡ ಮುಖದ ಹಿಂದಿನ ಬೆಂಚು ಸರ್ವಥಾ ಬೇಡ. ಸೀಟುಬೆಲ್ಟನ್ನು ಹೊಟ್ಟೆಯ ಮೇಲೆ ಬಿಗಿಯದೆ, ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ ಸೊಂಟದ ಎಲುಬಿನ ಮೇಲೆಯೂ ಮೇಲ್ಪಟ್ಟಿಯನ್ನು ಎದೆಯ ನಡುವೆಯೂ ಬರುವಂತೆ ಕಟ್ಟಬೇಕು. ಬಿಸಿಲೇರುವ ಮೊದಲೇ ಹೊರಡುವುದು, ಹೊರಡುವ ಮುನ್ನ ವೈದ್ಯರ ಮಾತು ಕೇಳುವುದು, ದಾರಿಯಲ್ಲಿ ಒಂದೆರಡು ಕಡೆ ನಿಂತು ನೀರು ಕುಡಿದು ನಾಲ್ಕು ಹೆಜ್ಜೆ ನಡೆಯುವುದು ಹಿತಕರ. ತಗ್ಗು ಬಂದಲ್ಲಿ ವೇಗವನ್ನು ಅರ್ಧಕ್ಕಿಳಿಸಿದರೆ ಸಿಗುವ ಸುಖ ಯಾವ ಗಾಳಿಯಿಂದಲೂ ಸಿಗದು. ಆ ದಿನ ಗಾಡಿಯಲ್ಲಿ ಬೇರೆ ಬಾಡಿಗೆಯ ಜನರನ್ನು ತುಂಬದಿರುವುದೇ ಸೊಸೆಗೆ ಮಾಡುವ ದೊಡ್ಡ ಉಪಕಾರ. ಗಾಳಿ ಮಾತ್ರ ಕಂಪನಿ ಹೇಳಿದಷ್ಟೇ ಇರಲಿ. ಕಡಿಮೆಯೂ ಬೇಡ, ಹೆಚ್ಚೂ ಬೇಡ.

ಅಪ್ಪಿತಪ್ಪಿ ಟೈರು ಸಿಡಿದರೆ ಚಾಲಕನು ಮಾಡಬೇಕಾದುದನ್ನೂ ಮನೆಯವರೆಲ್ಲ ತಿಳಿದಿರಬೇಕು. ಗಾಬರಿಯಿಂದ ಬ್ರೇಕು ಒತ್ತಬಾರದು. ಎರಡೂ ಕೈಗಳಿಂದ ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ವೇಗ ತಾನಾಗಿ ಇಳಿದ ಮೇಲೆ ಎಡಕ್ಕೆ ಸರಿದು ನಿಲ್ಲಿಸಬೇಕು. ಪಕ್ಕದಲ್ಲಿ ಕುಳಿತವರು ಕೂಗಿ ಚಾಲಕನನ್ನು ಗಲಿಬಿಲಿಗೊಳಿಸಬಾರದು.

ಆಳಂದದ ಬೈಕು

ಆಳಂದದಿಂದ ಕಲಬುರಗಿ ಸುಮಾರು 40 ಕಿಲೋಮೀಟರು. ದಿನಕ್ಕೆ ಎರಡು ಸಲ ಈ ದಾರಿಯನ್ನು ಬೈಕಿನಲ್ಲಿ ಸವೆಸುವವರಿಗೆ ಬೆನ್ನುನೋವು ಬಾರದಿದ್ದರೆ ಆಶ್ಚರ್ಯ. ಆದರೆ ಬೈಕಿಗೆ ಇರುವುದು ಎರಡೇ ಅಂಗೈ, ಅವೂ ಚಿಕ್ಕವು ಎಂಬುದನ್ನು ಮರೆಯಬಾರದು. ಗಾಳಿ ಇಳಿದ ಬೈಕು ಮೊದಲು ತಿರುವಿನಲ್ಲಿ ಹಿಂಭಾಗ ಅಲ್ಲಾಡಿಸಿ ಸೂಚನೆ ಕೊಡುತ್ತದೆ. ಟ್ಯೂಬಿರುವ ಟೈರಾದರೆ ಬ್ರೇಕು ಹಾಕಿದಾಗಲೆಲ್ಲ ಟೈರು ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪ ಜರುಗುತ್ತ ಟ್ಯೂಬಿನ ವಾಲ್ವನ್ನು ಎಳೆಯುತ್ತದೆ. ಒಂದು ದಿನ ವಾಲ್ವಿನ ಬುಡ ಹರಿದು ಗಾಳಿಯೆಲ್ಲ ಕ್ಷಣದಲ್ಲಿ ಹೋಗುತ್ತದೆ. ತಗ್ಗಿಗೆ ಬಿದ್ದಾಗ ರಿಮ್ಮು ಮತ್ತು ನೆಲದ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುವುದೂ ಕಡಿಮೆ ಗಾಳಿಯ ಫಲವೇ.

100 ಸಿಸಿ ಆಸುಪಾಸಿನ ಅನೇಕ ಬೈಕುಗಳ ಕೈಪಿಡಿಯಲ್ಲಿ ಮುಂದಿನ ಗಾಲಿಗೆ ಸುಮಾರು 25, ಒಬ್ಬರೇ ಕುಳಿತಾಗ ಹಿಂದಿನ ಗಾಲಿಗೆ ಸುಮಾರು 28, ಇಬ್ಬರಾದಾಗ 40ರ ಹತ್ತಿರ ಎಂದಿರುತ್ತದೆ. ಈ ಕೊನೆಯ ಸಂಖ್ಯೆಯನ್ನು ಕಂಡು ಮುದ್ರಣದೋಷವೆಂದು ಭಾವಿಸುವವರುಂಟು. ಲೆಕ್ಕ ನೋಡಿದರೆ ಅದು ಸರಿಯೆಂದು ತಿಳಿಯುತ್ತದೆ. ಒಬ್ಬರೇ ಕುಳಿತಾಗ ಹಿಂದಿನ ಗಾಲಿಯ ಮೇಲೆ ಸುಮಾರು 105 ಕಿಲೋ ಇದೆ ಎನ್ನೋಣ. ಹಿಂದೆ ಮನೆಯವರು ಕುಳಿತು ಕೈಯಲ್ಲಿ ಚೀಲವನ್ನೂ ಹಿಡಿದರೆ ಸೇರುವ 70–80 ಕಿಲೋ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿನ ಗಾಲಿಯ ಮೇಲೆಯೇ ಬೀಳುತ್ತದೆ. ಭಾರ ಒಂದೂಮುಕ್ಕಾಲು ಪಟ್ಟಿನ ಹತ್ತಿರಕ್ಕೆ ಬಂದಾಗ ಗಾಳಿ ಮಾತ್ರ ಹಳೆಯದೇ ಇರಬೇಕೆಂದರೆ ಹೇಗೆ? ವಾರವೆಲ್ಲ ಒಬ್ಬರೇ ತಿರುಗಾಡಿ, ಭಾನುವಾರ ಸಂಸಾರವನ್ನು ಕೂರಿಸಿಕೊಂಡು ಜಾತ್ರೆಗೋ ಮದುವೆಗೋ ಹೊರಡುವವರು ಹೊರಡುವ ಮುನ್ನ ಹಿಂದಿನ ಗಾಲಿಗೆ ಗಾಳಿ ಹೆಚ್ಚಿಸಿಕೊಳ್ಳುವುದೇ ಯೋಗ್ಯ. ನಮ್ಮ ಹಳ್ಳಿಗಳಲ್ಲಿ ಹಿಂದೆ ಕುಳಿತ ಹೆಣ್ಣುಮಕ್ಕಳು ಬಿದ್ದು ತಲೆಗೆ ಪೆಟ್ಟಾಗಿಸಿಕೊಳ್ಳುವುದನ್ನು ಕಾಣದವರಿಲ್ಲ. ಅವರ ತಲೆಗೂ ಹೆಲ್ಮೆಟ್ ಇರಲಿ, ಅವರ ಕೆಳಗಿನ ಗಾಲಿಗೂ ತಕ್ಕಷ್ಟು ಗಾಳಿ ಇರಲಿ.

ಶಿಕ್ಷಕರ ಬೆನ್ನುನೋವಿಗೆ ನಮ್ಮ ಸಲಹೆ ಇಷ್ಟು: ಒಬ್ಬರೇ ಹೋಗುವಾಗ ಕೈಪಿಡಿಯ ಒಬ್ಬರ ಸಂಖ್ಯೆಯನ್ನೇ ಇಡಿರಿ. ಎಷ್ಟೋ ಬಾರಿ ಪಂಚರ್ ಅಂಗಡಿಯಲ್ಲಿ ಕೇಳದೆಯೇ 40 ಹಾಕಿಬಿಡುತ್ತಾರೆ. ಗಾಡಿ ಪುಟಿಯುವುದಕ್ಕೆ ಅದೇ ಕಾರಣವಾಗಿರಬಹುದು. ಸರಿಯಾದ 28ಕ್ಕೆ ತಂದರೆ ಸುಖವೂ ಬರುತ್ತದೆ, ಹಿಡಿತವೂ ಉಳಿಯುತ್ತದೆ. ಆಮೇಲೂ ನೋವಿದ್ದರೆ ಹಿಂದಿನ ಶಾಕ್ ಅಬ್ಸಾರ್ಬರನ್ನು ತೋರಿಸಿರಿ, ಸೀಟಿನ ಕುಶನ್ನು ನೋಡಿರಿ, ವೈದ್ಯರನ್ನು ಕಾಣಿರಿ.

ಭೀಮಾ ತೀರದ ಕಬ್ಬು, ಎರೆಯ ಹೊಲ

ಅಫಜಲಪುರದ ರೈತರ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ: ಹೊಲಕ್ಕೂ ರಸ್ತೆಗೂ ಒಂದೇ ಗಾಳಿ ಸಲ್ಲದು. ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಗಾಲಿಗೆ 12ರಿಂದ 14 ಪೌಂಡಿನಷ್ಟೇ ಸಾಕಾಗುವ ಸಂದರ್ಭಗಳು ಹೆಚ್ಚು. ಗಾಳಿ ಕಡಿಮೆಯಿದ್ದಾಗ ಗಾಲಿಯ ಪಾದ ಅಗಲವಾಗಿ, ಮಣ್ಣನ್ನು ಹೆಚ್ಚು ಹಿಡಿದು, ಜಾರದೆ ಎಳೆಯುತ್ತದೆ, ಡೀಸೆಲ್ಲೂ ಉಳಿಯುತ್ತದೆ. ಮೇಲುಮಣ್ಣಿನ ಮೇಲೆ ಬೀಳುವ ಒತ್ತಡ ಟೈರಿನೊಳಗಿನ ಒತ್ತಡಕ್ಕೆ ಹೆಚ್ಚುಕಡಿಮೆ ಸಮ. ಗಾಲಿಗೆ ಬೇಕಿಲ್ಲದಷ್ಟು ಗಾಳಿ ತುಂಬಿ ಹಸಿ ಎರೆಯಲ್ಲಿ ಓಡಾಡಿದರೆ ಮಣ್ಣು ಹಂಚಿನಂತೆ ಬಿಗಿಯುತ್ತದೆ. ನಮ್ಮ ತೊಗರಿಯ ತಾಯಿಬೇರು ಆಳಕ್ಕಿಳಿಯುವ ಸ್ವಭಾವದ್ದು. ಬಿಗಿದ ಪದರದೊಳಗೆ ಇಳಿಯುವುದು ಅದಕ್ಕೂ ಕಷ್ಟ. ಮಳೆ ಹೆಚ್ಚಾದಾಗ ನೀರು ಇಂಗದೆ ನಿಂತು ತೊಗರಿಯೇ ಕೊಳೆಯುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಆ ಮನ್ನಣೆಗೆ ಕಾರಣವಾದ ಮಣ್ಣನ್ನು ನಾವೇ ತುಳಿದು ಕೆಡಿಸಬಾರದಷ್ಟೆ. ಆದರೆ ಆಳದ ಮಣ್ಣು ಬಿಗಿಯುವುದು ಗಾಳಿಗಿಂತ ಒಟ್ಟು ಭಾರದಿಂದ. ಆದ್ದರಿಂದ ಹದ ಬರುವವರೆಗೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸದಿರುವುದೇ ಮೊದಲ ಜಾಣತನ.

ರಸ್ತೆಯ ಮಾತು ಬೇರೆ. ಆಳಂದ ತಾಲೂಕಿನ ಭೂಸನೂರು, ಅಫಜಲಪುರ ತಾಲೂಕಿನ ಹವಳಗಾ ಕಾರ್ಖಾನೆಗಳಿಗೆ ಸುಗ್ಗಿಯಲ್ಲಿ ಜೋಡಿ ಟ್ರೇಲರುಗಳಲ್ಲಿ ಕಬ್ಬು ಹೊರಡುವುದನ್ನು ಎಲ್ಲರೂ ಕಂಡಿದ್ದೇವೆ. ಹೊಲದ ಗಾಳಿಯಲ್ಲಿಯೇ ಆ ಭಾರವನ್ನು ಡಾಂಬರಿನ ಮೇಲೆ ಎಳೆದರೆ ಟ್ರ್ಯಾಕ್ಟರಿನ ಟೈರು ಕಾದು ಪಕ್ಕೆ ಬಿರಿಯುತ್ತದೆ, ತಿರುವಿನಲ್ಲಿ ಟ್ರ್ಯಾಕ್ಟರು ತೂಗಾಡುತ್ತದೆ. ಆದ್ದರಿಂದ ರಸ್ತೆಗೆ ಏರುವ ಮುನ್ನ ಕೈಪಿಡಿ ಹೇಳಿದಂತೆ ಕೆಲವು ಪೌಂಡು ಹೆಚ್ಚಿಸಬೇಕು. ಟ್ರೇಲರಿನ ಟೈರುಗಳಿಗೆ ಬೇಕಾದ ಗಾಳಿ ಇದರ ಹಲವು ಪಟ್ಟು. ಅದನ್ನು ಟ್ರ್ಯಾಕ್ಟರಿನ ಲೆಕ್ಕದೊಡನೆ ಬೆರೆಸಬಾರದು. ಟ್ರ್ಯಾಕ್ಟರಿನ ಗಾಲಿಗೆ ನೀರು ತುಂಬಿಸಿದವರು ವಾಲ್ವನ್ನು ಮೇಲ್ಗಡೆಗೆ ತಂದು ಗಾಳಿ ಅಳೆಯಬೇಕು. ಇಲ್ಲವಾದರೆ ಗೇಜಿಗೆ ನೀರು ನುಗ್ಗಿ ಅಳತೆ ತಪ್ಪುತ್ತದೆ, ಗೇಜೂ ಕೆಡುತ್ತದೆ.

ಕಬ್ಬಿನ ಟ್ರೇಲರಿನ ಟೈರು ರಾತ್ರಿಯ ಹೊತ್ತು ರಸ್ತೆಯಲ್ಲಿ ಒಡೆದರೆ ಅದು ರೈತರೊಬ್ಬರ ನಷ್ಟವಾಗಿ ಉಳಿಯುವುದಿಲ್ಲ. ದೀಪವಿಲ್ಲದೆ, ಹೊಳೆಯುವ ಪಟ್ಟಿಯಿಲ್ಲದೆ ಕತ್ತಲಲ್ಲಿ ನಿಂತ ಟ್ರೇಲರಿಗೆ ಹಿಂದಿನಿಂದ ಬಂದು ಬಡಿಯುವ ಬೈಕಿನವರು ಯಾರದೋ ಮನೆಯ ಆಧಾರ. ಹತ್ತು ನಿಮಿಷ ಉಳಿಸಲು ಹೋಗಿ ಇನ್ನೊಂದು ಮನೆಯ ದೀಪ ಆರಿಸುವುದು ಕಾಯಕ ಧರ್ಮಕ್ಕೆ ಒಪ್ಪುವ ಮಾತಲ್ಲ. ಟೈರಿನ ಬಂಡಿ ಹೂಡುವವರಿಗೂ ಒಂದು ಮಾತು: ಗಾಳಿ ಇಳಿದ ಬಂಡಿಯನ್ನು ಎಳೆಯುವ ಎತ್ತಿಗೆ ಭಾರ ಹೆಚ್ಚುತ್ತದೆ, ಅದು ಬಾಯಿಬಿಟ್ಟು ಹೇಳಲಾರದು.

ಅಳೆಯುವ ಕ್ರಮ

ಬೆಳಗಿನ ತಂಪಿನಲ್ಲಿ, ಗಾಡಿ ಕನಿಷ್ಠ ಮೂರು ಗಂಟೆ ನಿಂತ ಮೇಲೆ, ಎರಡು ಕಿಲೋಮೀಟರಿಗಿಂತ ಹೆಚ್ಚು ಓಡಿಸದೆ ಗಾಳಿಯನ್ನು ಅಳೆಯಬೇಕು. ಟೈರನ್ನು ಒದ್ದು ನೋಡುವುದು, ಹೆಬ್ಬೆರಳಿನಿಂದ ಒತ್ತುವುದು ಅಳತೆಯಲ್ಲ. ಈಗಿನ ರೇಡಿಯಲ್ ಟೈರುಗಳು ಸರಿಯಾದ ಗಾಳಿಯಲ್ಲಿಯೂ ಕೆಳಗೆ ಸ್ವಲ್ಪ ಉಬ್ಬಿದಂತೆಯೇ ಕಾಣುತ್ತವೆ. ಸ್ವಂತದ ಸಣ್ಣ ಗೇಜೊಂದನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳುವುದು ಉತ್ತಮ. ಪೆಟ್ರೋಲ್ ಪಂಪುಗಳು ಗ್ರಾಹಕರಿಗೆ ಗಾಳಿಯನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ, ಸಂಕೋಚವಿಲ್ಲದೆ ಕೇಳಬಹುದು.

ಎಷ್ಟು ಹಾಕಬೇಕೆಂಬುದು ಕಾರಿನಲ್ಲಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲಾಗಲಿ ಇಂಧನದ ಮುಚ್ಚಳದ ಒಳಗಾಗಲಿ ಅಂಟಿಸಿರುವ ಚೀಟಿಯಲ್ಲಿಯೂ, ಎಲ್ಲ ವಾಹನಗಳ ಕೈಪಿಡಿಯಲ್ಲಿಯೂ ಇರುತ್ತದೆ. ಪೂರ್ತಿ ಜನ, ಸಾಮಾನು ತುಂಬಿದಾಗಿನ ಸಂಖ್ಯೆ ಬೇರೆ ಇದ್ದರೆ ಅದನ್ನೂ ಗಮನಿಸಬೇಕು. ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ ಒತ್ತಡದ ಸಂಖ್ಯೆ ಟೈರು ತಾಳಬಹುದಾದ ಗರಿಷ್ಠವೇ ಹೊರತು ನಾವು ಹಾಕಬೇಕಾದುದಲ್ಲ. ಈ ಗೊಂದಲ ಓದಿದವರಲ್ಲಿಯೂ ಇದೆ. ಎಡ ಬಲದ ಗಾಲಿಗಳಿಗೆ ಸಮನಾದ ಗಾಳಿ ಇರಬೇಕು. ಒಂದು ತಿಂಗಳಿಗೆ ಒಂದೆರಡು ಪೌಂಡು ತಾನಾಗಿಯೇ ಇಳಿಯುವುದು ಸಹಜವಾದ್ದರಿಂದ ಹದಿನೈದು ದಿನಕ್ಕೊಮ್ಮೆ, ದೂರದ ಪ್ರಯಾಣಕ್ಕೆ ಮುನ್ನ ತಪ್ಪದೆ ನೋಡಬೇಕು. ಒಂದೇ ಗಾಲಿ ಪದೇ ಪದೇ ಇಳಿಯುತ್ತಿದ್ದರೆ ವಾಲ್ವಿನ ಮೇಲೆ ಸಾಬೂನಿನ ನೀರು ಹಾಕಿ ನೋಡಿರಿ. ಗುಳ್ಳೆ ಎದ್ದರೆ ದೋಷ ಅಲ್ಲಿಯೇ. ನೈಟ್ರೋಜನ್ ತುಂಬಿಸಲೇಬೇಕೆಂದೇನೂ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ.

ಹೆಚ್ಚುವರಿ ಗಾಲಿಯನ್ನು ಮರೆಯಬಾರದು. ನಾವೆಲ್ಲ ಸ್ಟೆಪ್ನಿ ಎನ್ನುವ ಈ ಹೆಸರು ಬಂದದ್ದು ವೇಲ್ಸ್ ನಾಡಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ. ಅಲ್ಲಿ 1904ರಲ್ಲಿ ಹೆಚ್ಚುವರಿ ಗಾಲಿಯ ಮಾರಾಟ ಆರಂಭವಾಯಿತು. ನಡುದಾರಿಯಲ್ಲಿ ಸ್ಟೆಪ್ನಿ ತೆಗೆದು ನೋಡಿದಾಗ ಅದರಲ್ಲಿಯೇ ಗಾಳಿ ಇಲ್ಲದಿರುವುದು ಎಷ್ಟೋ ಜನರ ಅನುಭವ. ಕೊನೆಯದಾಗಿ, ಸವೆದ ಮತ್ತು ಮುದಿಯಾದ ಟೈರಿಗೆ ಎಷ್ಟು ಗಾಳಿ ಹಾಕಿದರೂ ರಕ್ಷಣೆಯಿಲ್ಲ. ಕಾರಿನ ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಬದಲಿಸಬೇಕು. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ಹುಟ್ಟಿದ ದಿನವನ್ನು ಹೇಳುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರ. ಐದಾರು ವರ್ಷ ದಾಟಿದ ಟೈರನ್ನು, ಗೀರುಗಳು ಚೆನ್ನಾಗಿದ್ದರೂ, ಬಿರುಕು ಇದೆಯೇ ಎಂದು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸುವುದು ಕ್ಷೇಮ.

ಮನೆಯವರ ಪಾಲು

ಬಾಡಿಗೆಯ ಗಾಡಿ ಹತ್ತುವಾಗ ನಾವು ದರವನ್ನು ಚೌಕಾಸಿ ಮಾಡುತ್ತೇವೆ, ಎಷ್ಟು ಜನ ಹಿಡಿಸಬಹುದೆಂದು ಲೆಕ್ಕ ಹಾಕುತ್ತೇವೆ. “ತಮ್ಮಾ, ಗಾಳಿ ನೋಡಿದ್ದೀಯಾ? ಸ್ಟೆಪ್ನಿ ಸರಿಯಿದೆಯೇ?” ಎಂದು ಕೇಳುವವರು ವಿರಳ. ಹತ್ತು ಜನರ ಗಾಡಿಗೆ ಹದಿನೆಂಟು ಜನರನ್ನು ತುಂಬಿ, ಮೇಲೆ ಗಂಟುಗಳನ್ನೂ ಹೇರಿ ಹೊರಟಾಗ, ತಪ್ಪು ಚಾಲಕನೊಬ್ಬನದೇ ಆಗುವುದಿಲ್ಲ. ದಿನದ ಕಂತು, ಡೀಸೆಲ್ಲು, ಮನೆಯ ಖರ್ಚು ಇವುಗಳ ನಡುವೆ ಹೊಸ ಟೈರನ್ನು ಮುಂದಕ್ಕೆ ಹಾಕುತ್ತ ಬರುವ ಆ ಹುಡುಗರ ಕಷ್ಟ ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗಾಳಿಗೆ ಖರ್ಚಿಲ್ಲ. ಅದಕ್ಕೆ ಬೇಕಾದುದು ಐದು ನಿಮಿಷದ ಎಚ್ಚರ ಮಾತ್ರ. ಆ ಎಚ್ಚರವನ್ನು ಕೇಳಿ ಪಡೆಯುವ ಹಕ್ಕು ಗಾಡಿಯಲ್ಲಿ ಕುಳಿತ ಪ್ರತಿಯೊಬ್ಬ ತಾಯಿಗೂ ಇದೆ.

ಬೇಸಗೆಯ ಮದುವೆ, ಜಾತ್ರೆಗಳ ಪ್ರಯಾಣಕ್ಕೆ ಹೊರಡುವ ಬಂಧುಗಳು ಈ ಪುಟವನ್ನು ಮನೆಯ ಚಾಲಕರಿಗೆ ಓದಿಸಬೇಕೆಂದು ಕೋರುತ್ತೇವೆ. ಎಲ್ಲರೂ ಸುಖವಾಗಿ ಹೋಗಿ ಕ್ಷೇಮವಾಗಿ ಮನೆಗೆ ಮರಳಲಿ. ಶರಣು.